ದಿಂಬುಗಲ್ಲಿನ ಮೇಲೆ ಬಿದ್ದ ಎಮ್ಮೆ

ಸತ್ತ ಎಮ್ಮೆಯ ನಾತ ಒಮ್ಮೆ ಮೂಗಿನಲ್ಲಿ ಕುಂತರೆ ಏಳುವುದಿಲ್ಲ. ಸಾಬೂನು ಹಚ್ಚಿರಿ, ಬೇವಿನ ಎಲೆ ಮೂಸಿರಿ, ಸೆರಗಿಗೆ ಕರ್ಪೂರ ಕಟ್ಟಿಕೊಳ್ಳಿರಿ, ಬಾಯಿಗಿಟ್ಟ ರೊಟ್ಟಿಯಲ್ಲೂ ಅದೇ ಬರುತ್ತದೆ. ಇದನ್ನು ಬರೆಯುವಾಗ ನನ್ನ ತೊಡೆಯ ಮೇಲೆ ಕಿರಿಯ ಮೊಮ್ಮಗಳು ಕುಂತಿದ್ದಾಳೆ. ಎರಡು ಹಲ್ಲು ಮೂಡಿವೆ, ಅವುಗಳಿಂದ ನನ್ನ ಬೆರಳು ಕಚ್ಚಿ ಕೇಕೆ ಹಾಕುತ್ತಾಳೆ. ನನ್ನ ಸಂತೋಷವನ್ನು ಎಲ್ಲಿಡಲಿ ಹೇಳಿರಿ! ದೊಡ್ಡವು ಮೂರು ಸುತ್ತ ಕುಂತು, "ಅಜ್ಜಿ, ಹುಳದ ಕಥಿ ಬರಿಬೇ, ಹುಳ ಒಂದೂ ಬಿಡಬ್ಯಾಡ" ಎಂದು ಜೀವ ತಿನ್ನುತ್ತಿವೆ. ಬಿಡುವುದಿಲ್ಲ. ಹುಳ, ನೊಣ, ಗೌಡ, ಯಾರನ್ನೂ ಬಿಡುವುದಿಲ್ಲ.

ಎಪ್ಪತ್ತರ ದಶಕದ ಒಂದು ಬೇಸಿಗೆ. ಕಿತ್ತೂರಿನಿಂದ ದೇಗಾಂವದ ಕಡೆಗೆ ಹೋಗುವಾಗ ಒಳಗೆ ಸಿಗುವ ನಮ್ಮೂರಿಗೆ ಮೈಸೂರು ಕಡೆಯ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಇನ್ನೂ ಮದುವೆಯಾಗದ ಹುಡುಗ. ಕಲ್ಲಿನ ಮೇಲೆ ದೊಡ್ಡ ಪ್ರಬಂಧ ಬರೆಯುತ್ತಿದ್ದರು. ಸವದತ್ತಿ, ರಾಮದುರ್ಗದ ಗುಡ್ಡಗಳನ್ನೆಲ್ಲ ಸುತ್ತಿ ಬಂದಿದ್ದರು. ಅಲ್ಲಿಯದು ಮರಳು ಬಿಗಿದು ಆದ ಕಲ್ಲು, ನನಗೆ ಬೇಕಾದದ್ದು ಬೆಂಕಿಯಿಂದ ಬಂದ ಕಲ್ಲು ಎಂದರು. ಅದು ನಮ್ಮೂರ ಹಳ್ಳದಲ್ಲಿತ್ತು. ತೊಳೆಯಲು, ಒಡೆಯಲು, ಹೊರಲು ನನ್ನನ್ನೂ ನನ್ನ ಅತ್ತೆಯನ್ನೂ ಕೂಲಿಗೆ ಹಿಡಿದರು. ಜೀಪಿನ ಡ್ರೈವರ್ ಬೈಲಹೊಂಗಲದವನು. ನಾವು ನಾಲ್ಕೇ ಜನ.

ಕೆಲಸದ ಕ್ರಮ ಹೀಗಿತ್ತು. ಮೊದಲು ಈಚಲ ಕಸಬರಿಗೆಯಿಂದ ಬಂಡೆ ಗುಡಿಸುವುದು. ಬೇಸಿಗೆಯ ಹಳ್ಳವೆಂದರೆ ಗೊತ್ತಲ್ಲ, ಒಣಗಿದ ಪಾಚಿ, ಸಗಣಿ, ಕೊಕ್ಕರೆಯ ಹಿಕ್ಕೆ, ಸತ್ತ ಏಡಿ. ಕುಂತು ತಂತಿ ಬ್ರಷ್‌ನಿಂದ ತಿಕ್ಕುವುದು. ಆಮೇಲೆ ಚಿಮಣಿ ಎಣ್ಣೆಯ ಹಳೆ ಡಬ್ಬಿಯಿಂದ ನೀರು ಹೊಯ್ಯುವುದು. ನೀರು ಬಿದ್ದ ಕೂಡಲೇ ಕಲ್ಲಿನ ರೂಪ ಎದ್ದು ಕಾಣುತ್ತಿತ್ತು. ಒಂದಕ್ಕೊಂದು ಒತ್ತಿ ಪೇರಿಸಿದ ತಲೆದಿಂಬುಗಳು! ಮೇಲೆ ಉಬ್ಬು, ಸುತ್ತ ಕರಿ ಅಂಚು, ಕೆಳಗೆ ಚೂಪು ಬಾಲ. ಆ ಬಾಲ ಕೆಳಗಿನ ಎರಡು ದಿಂಬುಗಳ ಸಂದಿಗೆ ಸರಿಯಾಗಿ ಇಳಿದಿರುತ್ತಿತ್ತು. ಅದನ್ನು ನೋಡಿಯೇ ಯಾವುದು ಮೇಲಿನ ಮಗ್ಗಲು, ಯಾವುದು ಕೆಳಗಿನದು ಎಂದು ಸಾಹೇಬರು ಹೇಳುತ್ತಿದ್ದರು.

"ಹಾಸಗಿ ಹಾಸಿ ಹೋಗ್ಯಾರ ನೋಡ. ಮಲಗಾವರು ಎಲ್ಲಿ ಹ್ವಾದ್ರು?" ಎಂದಳು ಅತ್ತೆ.

ಸಾಹೇಬರು ಸೀಮೆಸುಣ್ಣದಿಂದ ಅಂಚು ಬರೆದು, ದಿಕ್ಸೂಚಿ ಇಟ್ಟು ಓರೆ ಅಳೆದು, ಬಣ್ಣದಿಂದ ನಂಬರು ಹಾಕಿದ ಮೇಲೆ ನಮ್ಮ ಕಲ್ಲೊಡೆಯುವ ಚಾಣ ಇಳಿಯುತ್ತಿತ್ತು. ಹೊರಗಿನ ಕಂದು ಸಿಪ್ಪೆ ಹಾರಿಸಿ, ಒಳಗಿನ ಹಸಿರು ಕಲ್ಲು ಸಿಕ್ಕ ಮೇಲೆ ಮುಷ್ಟಿ ಗಾತ್ರದ ತುಂಡು ತೆಗೆದು ಅರಿವೆ ಚೀಲದಲ್ಲಿ ಕಟ್ಟುವುದು. ಅದಕ್ಕೆ ಮುಂಚೆ ಕೈಗೆ ಸಾಬೂನು. ಅರಿಷಿಣ, ಎಣ್ಣೆ, ಸುಣ್ಣ ಏನೂ ಕೈಯಲ್ಲಿ ಇರಕೂಡದು. ಕಲ್ಲನ್ನು ಪುಡಿ ಮಾಡಿ ಅದರೊಳಗೆ ಕಣ್ಣಿಗೆ ಕಾಣದಷ್ಟು ಇರುವ ಧಾತುಗಳನ್ನು ಅಳೆಯುತ್ತಾರಂತೆ. ಹೊರಗಿನದು ಒಂದಿಷ್ಟು ಸೇರಿದರೂ ಲೆಕ್ಕ ಕೆಟ್ಟಿತು.

ಏಕೆ ಇಷ್ಟೆಲ್ಲ ಎಂದು ಒಂದು ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ ಕೇಳಿದೆ. ಸಾಹೇಬರು ಹೇಳಿದರು: "ಸಮುದ್ರದಲ್ಲಿ ಬೆಂಕಿ ಉಗುಳೋ ದ್ವೀಪಗಳ ಸಾಲು ಇರತ್ತಮ್ಮ. ಆ ಸಾಲಿನ ಬೆನ್ನ ಹಿಂದೆ ನೆಲ ಜಗ್ಗಿ ಜಗ್ಗಿ ತೆಳುವಾಗಿ ಹರಿಯತ್ತೆ. ಹರಿದ ಕಡೆ ತಳದಿಂದ ಲಾವಾ ಏಳತ್ತೆ, ಹೊಸ ಸಮುದ್ರ ಬಾಯಿ ತೆರೆಯತ್ತೆ. ತಣ್ಣೀರಿಗೆ ತಾಗಿದ ಲಾವಾ ಥಟ್ಟನೆ ಸಿಪ್ಪೆ ಕಟ್ಟಿ ಹೀಗೆ ದಿಂಬಿನ ಹಾಗೆ ಉಬ್ಬತ್ತೆ."

"ಅಂದ್ರ ಜ್ವಾಳದ ಹಿಟ್ಟು ಸರಿಯಾಗಿ ಮಿದ್ದಿರಲಿಲ್ಲಂದ್ರ ರೊಟ್ಟಿ ತಟ್ಟೂವಾಗ ನಡುವ ಬಿರಕ ಬಿಡತೈತಿ ನೋಡ್ರಿ, ಹಂಗ?"

"ಹಂಗೇ! ಆದರೆ ದಿಂಬು ಸಿಕ್ಕರೆ ನೀರಿತ್ತು ಅಂತ ಮಾತ್ರ ಆಯ್ತು. ಅದು ದ್ವೀಪಗಳ ಹಿಂದೆಯೇ ತೆರೆದ ಸಮುದ್ರ ಅಂತ ಹೇಗೆ ಹೇಳೋದು? ಮೊದಮೊದಲು ಬಂದ ಲಾವಾದಲ್ಲಿ ಆ ದ್ವೀಪಗಳ ಗುಣ ಇರತ್ತೆ. ಸಮುದ್ರ ಅಗಲ ಆಗ್ತಾ ಆಗ್ತಾ ಆ ಗುಣ ಹೋಗಿ ಚೊಕ್ಕ ಲಾವಾ ಬರತ್ತೆ. ಎಲ್ಲಕ್ಕಿಂತ ಕೆಳಗಿನ ಕಲ್ಲು, ಎಲ್ಲಕ್ಕಿಂತ ಮೇಲಿನ ಕಲ್ಲು, ಎರಡೂ ಬೇಕು."

ಅತ್ತೆ ಉಳ್ಳಾಗಡ್ಡಿ ಕಚ್ಚುತ್ತ ತಲೆ ಹಾಕಿದಳು. "ನಿನ್ನಿ ಸಾರಿನ ಗಡಿಗಿ ತೊಳೀದ ಇವತ್ತಿನ ಸಾರ ಮಾಡಿದ್ರ ಮೊದಲ್ನೇ ಸವುಟಿನ್ಯಾಗ ನಿನ್ನೀದು ನಾರತೈತಿ. ಕಡೀ ಸವುಟಿಗೆ ಇರಂಗಿಲ್ಲ."

ಸಾಹೇಬರು ನಗುತ್ತಲೇ ಇದ್ದರು.

ಆ ಪದರುಗಳೆಲ್ಲ ಈಗ ವಾಲಿ ನಿಂತಿದ್ದವು. ಹಾಗಾಗಿ ಹಳ್ಳದಲ್ಲಿ ಕೆಳಗಡೆ ನಡೆದಂತೆ ಹಳೆಯ ಕಲ್ಲು ಸಿಗುತ್ತ ಹೋಗುತ್ತಿತ್ತು. ಮೇಲಿನದೆಲ್ಲ ತೆಗೆದಾಯಿತು. ಎಲ್ಲಕ್ಕಿಂತ ಹಳೆಯದು, ದಿಂಬುಗಳು ಬೂದಿ ಕಲ್ಲಿನ, ಅಂದರೆ ಆ ದ್ವೀಪಗಳು ಉಗುಳಿದ ಬೂದಿ ಬಿಗಿದು ಆದ ಕಲ್ಲಿನ, ಮೇಲೆ ಕುಂತ ಜಾಗ, ಒಂದು ಮಡುವಿನ ತಳದಲ್ಲಿತ್ತು. ಕಡು ಬೇಸಿಗೆಯಲ್ಲಿ ಮಡುವು ಬತ್ತಿದರೆ ಮಾತ್ರ ಕಾಣುವುದು, ಮುಂಗಾರು ಬಿದ್ದರೆ ಮತ್ತೆ ಮುಳುಗುವುದು. ನಾವು ಕಾದೆವು. ಮಡುವು ಬತ್ತಿತು. ಲೋಳೆ ಕೆಸರನ್ನು ಬುಟ್ಟಿಯಲ್ಲಿ ಹೊತ್ತು ಹಾಕಿ, ಆ ಬಂಡೆಯನ್ನು ಕಂಚಿನ ತಾಟಿನ ಹಾಗೆ ತಿಕ್ಕಿ ಇಟ್ಟೆವು. ಮರುದಿನ ತುಂಡು ತೆಗೆಯುವುದೆಂದು ಮಾತಾಯಿತು.

ಅಂದು ಸಂಜೆ ಊರ ಗೌಡರು ಬಂದರು. ಬಂಡೆಯ ಮೇಲಿನ ದಂಡೆಯಲ್ಲಿ ಅವರ ದನದ ಕೊಟ್ಟಿಗೆ, ಅದರ ಹಿಂದೆ ಮನೆ. ಹಳ್ಳದ ಅಷ್ಟೂ ಹೊಲ ಅವರದು. ಕಲ್ಲಿನ ಕೆಲಸ ಇಲ್ಲದ ದಿನ ನಮಗೂ ಅವರ ಹೊಲದ ಕಳೆಯೇ ಗತಿ. ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕುತ್ತ ಇಳಿದು, ನಾವು ತಿಕ್ಕಿದ ಬಂಡೆಯ ಮೇಲೆ ಪಿಚಕ್ಕನೆ ಉಗುಳಿದರು. ಆಮೇಲೆ, ಅರಿವೆಯ ಮೇಲೆ ಸಾಲಾಗಿ ಇಟ್ಟಿದ್ದ ತುಂಡುಗಳ ಕಡೆಗೆ ಬಾಗಿ ಒಂದನ್ನು ಎತ್ತಲು ಕೈ ಹಾಕಿದರು.

ಸಾಹೇಬರು ಚೀರಿದರು: "ಅಯ್ಯೋ, ಮುಟ್ಟಬೇಡಿ, ಮುಟ್ಟಬೇಡಿ! ಇವರಿಬ್ಬರನ್ನು ಬಿಟ್ಟು ಬೇರೆ ಯಾರೂ ಮುಟ್ಟಬಾರದು!"

ಪಾಪ, ಆ ಹುಡುಗನಿಗೆ ಸುಣ್ಣದ ಚಿಂತೆ. ಗೌಡರದೋ ನಮ್ಮನ್ನು ಮುಟ್ಟಿಸಿಕೊಳ್ಳದ ಮನೆತನ. ಯಾರ ಮುಂದೆ ಯಾರಿಗೆ ಆ ಮಾತು ಹೇಳಿದೆ ಎಂಬುದು ಅವನಿಗೆ ತಿಳಿಯಲೇ ಇಲ್ಲ. ಗೌಡರ ಕೈ ಗಾಳಿಯಲ್ಲೇ ನಿಂತಿತು. ಡ್ರೈವರ್ ಬೇರೆ ಕಡೆ ನೋಡಿದ. ನಮ್ಮ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು, ಆದರೂ ಒಂದು ನಗು ಮೂಗಿನಿಂದ ಹೊರಗೆ ಬಿದ್ದೇ ಬಿತ್ತು. ಗೌಡರು ಅದನ್ನು ಕೇಳಿಸಿಕೊಂಡು ದಂಡೆ ಏರಿ ಹೋದರು.

ಮರುದಿನ ಮುಂಜಾನೆ ಹೋಗಿ ನೋಡಿದರೆ ಬಂಡೆಯ ಮೇಲೆ ಎಮ್ಮೆ. ಸತ್ತ ಎಮ್ಮೆ. ಕೊಟ್ಟಿಗೆಯಿಂದ ದಂಡೆಯ ಮೇಲೆ ಎಳೆದು ಕೆಳಗೆ ಉರುಳಿಸಿದ ಗುರುತು ಮಣ್ಣಿನಲ್ಲಿ ಹಾಗೇ ಇತ್ತು. ಹೊಟ್ಟೆ ನಗಾರಿಯ ಹಾಗೆ ಉಬ್ಬಿ, ಕಾಲು ಆಕಾಶಕ್ಕೆ ಚಾಚಿ, ನಾಲಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕು ನೀಲಿಯಾಗಿತ್ತು. ಕಣ್ಣಿನ ಮೂಲೆಯಲ್ಲಿ ಹಸಿರು ನೊಣ ಮುತ್ತಿದ್ದವು. ಸರಿಯಾಗಿ ಬೂದಿ ಕಲ್ಲೂ ದಿಂಬೂ ಕೂಡುವ ಜಾಗದಲ್ಲೇ ಅದರ ಬೆನ್ನು.

ಇಲ್ಲಿ ನಮ್ಮ ಮಾತು ಹೇಳಬೇಕು. ನಮ್ಮ ಓಣಿಯವರು ಕೆಲವು ವರ್ಷಗಳ ಹಿಂದೆ ದೀಕ್ಷೆ ತಗೊಂಡು ಬೌದ್ಧರಾಗಿದ್ದೆವು. ಅಂದು ಹೆಂಗಸರು ಗಂಡಸರು ಎಲ್ಲರೂ ನಿಂತು ಮಾತು ಕೊಟ್ಟಿದ್ದೆವು: ಸತ್ತ ದನ ಎಳೆಯುವುದಿಲ್ಲ, ಸುಲಿಯುವುದಿಲ್ಲ, ತಿನ್ನುವುದಿಲ್ಲ. ಅಂದಿನಿಂದ ಊರಿನವರು ಬೇರೆ ಊರಿಂದ ಆಳು ಕರೆಸುತ್ತಿದ್ದರು, ಹಲ್ಲು ಕಡಿಯುತ್ತಿದ್ದರು. ನಮ್ಮ ಅತ್ತೆ ಅದಕ್ಕೆ ಮೊದಲು ಎಷ್ಟು ಹೆಣ ಸುಲಿದಿದ್ದಳೋ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಆ ಕೈಯಿಂದ ಕಲಸಿದ ತುತ್ತು ಗಂಟಲಿಗೆ ಇಳಿಯುತ್ತಿರಲಿಲ್ಲ.

ಗೌಡರು ದಂಡೆಯ ಮೇಲೆ ಬಂದು ನಿಂತರು. "ರಾತ್ರಿ ಸತ್ತತಿರಿ ಸಾಹೇಬ್ರ. ಉರುಳಿ ಬಿದ್ದತಿ. ಎಳಸರಿ ನಿಮ್ಮ ಮಂದೀ ಕಡಿಂದ. ಕಲ್ಲು ಮುಟ್ಟೂ ಕೈ ಅದಾವಲ್ಲ, ಅವೇ ಎಮ್ಮೀನೂ ಮುಟ್ಟತಾವ."

ಅರ್ಥ ನಮಗೆ ಆಯಿತು. ಎಳೆದರೆ ಕೊಟ್ಟ ಮಾತು ಹೋಯಿತು, ಓಣಿಗೆ ಓಣಿಯೇ ಮತ್ತೆ ಹಳೆ ಕೆಲಸಕ್ಕೆ ಇಳಿಯಬೇಕು. ಎಳೆಯದಿದ್ದರೆ ಸಾಹೇಬರ ಕೆಲಸ ಕೆಡುತ್ತದೆ, ನಾವು ಮರಳಿ ಗೌಡರ ಹೊಲಕ್ಕೆ.

ಸಾಹೇಬರು ಮೂಗು ಮುಚ್ಚಿಕೊಂಡು ಮೊದಲು ಡ್ರೈವರನ್ನು ನೋಡಿದರು.

"ನಾ ಜೀಪ ಹೊಡ್ಯಾಂವರಿ ಸಾಹೇಬ್ರ. ಎಮ್ಮಿ ಹೊಡ್ಯಾಂವ ಅಲ್ಲ," ಎಂದು ಅವನು ಹೋಗಿ, ಹಳ್ಳಕ್ಕೆ ಇಳಿಯಲಾರದೆ ದಾರಿಯಲ್ಲೇ ನಿಲ್ಲುತ್ತಿದ್ದ ಜೀಪಿನಲ್ಲಿ ಕುಂತ.

ಆಮೇಲೆ ನಮ್ಮ ಕಡೆ ತಿರುಗಿದರು. "ಅಮ್ಮ... ಮಳೆ ಬಂದರೆ ಮುಗೀತು. ಈ ಒಂದು ಕಲ್ಲಿಗೋಸ್ಕರ ಇಷ್ಟು ದಿನ ಕಾದಿದೀನಿ. ನಿಮಗೆ ಇದು ಅಭ್ಯಾಸ ಇರತ್ತಲ್ಲ?"

ಎಮ್ಮೆಯ ನಾತಕ್ಕಿಂತ ಆ ಮಾತು ನನಗೆ ಹೆಚ್ಚು ಹೇಸಿಗೆಯಾಯಿತು. ನಮ್ಮ ಕೈಗಳೇ ಚೊಕ್ಕವೆಂದು ಹಿಂದಿನ ಸಂಜೆ ಸಾರಿದ ಬಾಯಿ ಅದು. ನಾನು ಡಬ್ಬಿ ಕೆಳಗಿಟ್ಟೆ. ಅತ್ತೆ ಮಾತ್ರ ಸಮಾಧಾನದಿಂದ ಹೇಳಿದಳು:

"ಅಭ್ಯಾಸ ಐತಿರಿ. ಅದಕ್ಕ ಬಿಟ್ಟೇವಿ."

ಸಾಹೇಬರ ಮುಖ ಕೆಂಪಾಯಿತು. ಆಗ ನಾನು ಹೇಳಿದೆ: "ಕಲ್ಲ ಹೊರತೇವಿ, ಒಡೀತೇವಿ. ಹೆಣಾ ಎಳ್ಯಾಂಗಿಲ್ಲರಿ. ಕೆಲಸ ಬಿಟ್ಟೂ ಹೋಗಂಗಿಲ್ಲ. ಇಲ್ಲೇ ಕುಂದರತೇವಿ." ಹೇಳಿ ಮುಗಿಸಿದ ಮೇಲೆ ಹಿಂದೆ ಸರಿಯುವ ದಾರಿ ಉಳಿದಿರಲಿಲ್ಲ.

ಸಾಹೇಬರು ತಾವೇ ಹಗ್ಗ ತಂದು ಹಿಂಗಾಲಿಗೆ ಕಟ್ಟಿ ಜಗ್ಗಿದರು. ಎಮ್ಮೆಯನ್ನು ಒಬ್ಬ ಮನುಷ್ಯ ಜಗ್ಗಿದರೆ ಅದು ಕದಲುತ್ತದೆಯೇ? ಹೊಟ್ಟೆಯೊಳಗಿನ ಗಾಳಿ ಮಾತ್ರ ಭರ್ರನೆ ಹೊರಬಂತು. ಅವರು ಅಲ್ಲೇ ಕುಕ್ಕರಗಾಲಿನಲ್ಲಿ ಕುಂತು ಮುಂಜಾನೆ ತಿಂದ ಅವಲಕ್ಕಿ ಪೂರ್ತಿ ಕಕ್ಕಿದರು. ಬಾಯಿ ಒರೆಸಿಕೊಂಡು ನಮ್ಮ ಹತ್ತಿರ ಬಂದು, "ನಾನು ಹಾಗೆ ಕೇಳಬಾರದಿತ್ತು," ಎಂದರು. ಅತ್ತೆ ಅವರಿಗೆ ಒಂದು ಉಳ್ಳಾಗಡ್ಡಿ ಕೊಟ್ಟು, "ಮೂಗಿಗೆ ಹಿಡಕೊಳ್ರಿ," ಎಂದಳು.

ಎಮ್ಮೆ ಅಲ್ಲೇ ಉಳಿಯಿತು. ನಾವು ಮೇಲ್ಗಡೆಯ ಬಂಡೆಗಳಲ್ಲಿ ಹೆಚ್ಚಿನ ತುಂಡು ತೆಗೆಯುತ್ತ ದಿನಾ ಅದೇ ಹಳ್ಳದಲ್ಲಿ ಕುಂತೆವು. ಬಿಸಿಲು ಏರಿದಂತೆ ಹೆಣ ಕುದಿಯತೊಡಗಿತು. ನಾಯಿಗಳು ಹಿಂದಿನಿಂದ ಹರಿದವು. ರಣಹದ್ದುಗಳು ಜಾಲಿ ಗಿಡದ ತುಂಬ ಕುಂತು, ಇಳಿದು ಕುಕ್ಕಿ, ದಪ್ಪ ತೊಗಲಿಗೆ ಸೋತು ಮತ್ತೆ ಗಿಡ ಏರಿ ಅಲ್ಲಿಂದ ಬಿಳಿ ಬಿಳಿ ಹೇತವು. ಮೊಮ್ಮಕ್ಕಳೇ, ಈಗ ಹುಳ. ಅನ್ನ ಕುದಿಯುವಾಗ ಅಗುಳು ಮೇಲೆ ಕೆಳಗೆ ಆಗುತ್ತದಲ್ಲ, ಎಮ್ಮೆಯ ಬಾಯಿ ಹಾಗೆ ಆಡುತ್ತಿತ್ತು. ದೂರದಿಂದ ನೋಡಿದರೆ ಅದು ಮೆಲುಕು ಹಾಕುತ್ತಿದೆ ಎನ್ನಿಸುತ್ತಿತ್ತು. ಕರಿ ರಸ ಸೋರಿ ನಾವು ತಿಕ್ಕಿದ ದಿಂಬುಗಳ ಸಂದಿಯಲ್ಲಿ ಹರಿದು ಹೆಪ್ಪುಗಟ್ಟಿತು. ಥೂ!

ಗೌಡರು ಒಂದು ತಪ್ಪು ಮಾಡಿದ್ದರು. ಊರಿನ ಸತ್ತ ದನ ಒಗೆಯುವ ಜಾಗ ಮೂಡಣಕ್ಕೆ, ಊರಾಚೆ. ತಲೆತಲಾಂತರದಿಂದ ಹೆಣ ಎಲ್ಲಿ ಬಿದ್ದರೂ ನಮ್ಮವರು ಹೊತ್ತು ಮುಳುಗುವುದರೊಳಗೆ ಅದನ್ನು ಅಲ್ಲಿಗೆ ಸೇರಿಸುತ್ತಿದ್ದರು. ಹಾಗಾಗಿ, ಎಳೆಯುವವರು ಬಾರದೇ ಹೋದರೆ ಏನಾದೀತು ಎಂದು ಯೋಚಿಸುವ ಅಭ್ಯಾಸವೇ ಆ ಮನೆತನಕ್ಕೆ ಇರಲಿಲ್ಲ. ಈ ಬಂಡೆ ಊರಿನ ಪಡುವಣಕ್ಕೆ. ಮುಂಗಾರಿನ ಮುಂಚಿನ ಗಾಳಿ ಬೀಸುವುದೂ ಪಡುವಣದಿಂದಲೇ, ನೆಟ್ಟಗೆ ಗೌಡರ ಅಡುಗೆಮನೆಗೆ. ಸಾಲದ್ದಕ್ಕೆ, ಬಂಡೆಯ ಕೆಳಗೆ ಉಸುಕಿನಲ್ಲಿ ತೋಡಿದ ವರತಿಯಿಂದಲೇ, ಬಾವಿ ಬತ್ತುವ ಬೇಸಿಗೆಯಲ್ಲಿ, ಅವರ ಮನೆಗೆ ಕುಡಿಯುವ ನೀರು. ಅದರ ಮೇಲೆ ಜಿಡ್ಡು ತೇಲತೊಡಗಿತು.

ಗೋಡೆಯಾಚೆಯಿಂದ ಗೌಡತಿಯ ದನಿ ನಮಗೆ ಕೇಳುತ್ತಿತ್ತು. "ಉಣ್ಣಾಕ ಕುಂತ್ರ ತಾಟಿನ ತುಂಬ ನೊಣ! ಕೂಸಿನ ಬಾಯಾಗ ನೊಣ! ಯಾರ ಮ್ಯಾಲಿನ ಸಿಟ್ಟು ಯಾರ ಮೂಗಿಗೆ ಹಚ್ಚೀರಿ? ನೀರ ಎಲ್ಲಿಂದ ತರ್ಲಿ, ನಿಮ್ಮ ಮೀಸಿ ಹಿಂಡ್ಲ್ಯಾ?"

ಅತ್ತೆ ಸುತ್ತಿಗೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಲು ಬಾಯಿ ತೆರೆದರೆ ನಾತ ಒಳಗೆ ಬರುತ್ತಿತ್ತು, ಆದರೂ ನಕ್ಕಳು.

ಹೊರಗಿನ ಊರಿನ ಆಳುಗಳೂ ಬರಲಿಲ್ಲ. ಅಷ್ಟು ಕೊಳೆತದ್ದನ್ನು ನಾವು ಮುಟ್ಟುವುದಿಲ್ಲ ಎಂದು ಹೇಳಿ ಕಳಿಸಿದರಂತೆ. ಒಂದು ಸಂಜೆ ಪಡುವಣಕ್ಕೆ ಮೋಡ ಕಟ್ಟಿ ಗುಡುಗಿತು. ಸಾಹೇಬರು ಆಕಾಶ ನೋಡುತ್ತ ಉಗುರು ಕಚ್ಚುತ್ತ ಕುಂತರು, ಆದರೂ ಎಮ್ಮೆ ಎಳೆಯಿರಿ ಎಂದು ನಮ್ಮನ್ನು ಮತ್ತೆ ಕೇಳಲಿಲ್ಲ. ಅದೊಂದಕ್ಕೆ ನಾನು ಆ ಹುಡುಗನನ್ನು ಮೆಚ್ಚುತ್ತೇನೆ.

ಮರುದಿನ ಗೌಡರ ಹಿರಿಮಗನೇ ಇಳಿದು ಬಂದ. ಜೊತೆಗೆ ಅವರ ಮನೆಯ ಇಬ್ಬರು ಸಂಬಳದಾಳುಗಳು. ಮುಖಕ್ಕೆ ಪಂಜಿ ಸುತ್ತಿಕೊಂಡಿದ್ದರು. ಮೊದಲು ಎತ್ತು ಹೂಡಿದರು. ಎತ್ತುಗಳು ನಾತಕ್ಕೆ ಬೆದರಿ ನೊಗ ಹರಿದುಕೊಂಡು ಓಡಿದವು. ಆಮೇಲೆ ತಾವೇ ಹಗ್ಗ ಹಿಡಿದರು. ಹಿಂಗಾಲು ಕಳಚಿ ಹಗ್ಗದ ಜೊತೆಗೆ ಬಂತು, ಮೂವರೂ ಹಿಂದಕ್ಕೆ ಬಿದ್ದರು. ಕೊಂಬಿಗೆ ಕಟ್ಟಿ ಜಗ್ಗಿದಾಗ ಹೊಟ್ಟೆ ಒಡೆಯಿತು. ಅದನ್ನು ನಾನು ಬರೆಯುವುದಿಲ್ಲ, ಮಡಿಲಲ್ಲಿ ಕೂಸಿದೆ. ಅಂತೂ ಅವರು ಅದನ್ನು ಊರ ಸುತ್ತ ಬಳಸಿ ಎಳೆದೊಯ್ದರು. ಓಣಿಗಳ ಒಳಗೆ ಯಾರೂ ಬಿಡಲಿಲ್ಲ.

ಹಿರಿಮಗ ಮರಳಿ ಬಂದಾಗ ಮೊಣಕೈವರೆಗೆ ಕರಿ ರಸ, ಅದರಲ್ಲಿ ಹುಳ. ವರತಿ ಕೆಟ್ಟಿತ್ತು. ಹಳ್ಳದಲ್ಲಿ ಒಳ್ಳೆಯ ನೀರೆಂದರೆ ಕಲ್ಲು ತೊಳೆಯಲು ನಾವು ನಮ್ಮ ಓಣಿಯ ಬಾವಿಯಿಂದ ಹೊತ್ತು ತಂದದ್ದೇ. ಅವನು ನನ್ನ ಮುಂದೆ ಕುಕ್ಕರಿಸಿ ಎರಡೂ ಕೈ ಚಾಚಿದ.

"ನೀರ ಹಾಕ ಅಕ್ಕಾ."

ನನ್ನನ್ನು ಅವನು ಅಕ್ಕ ಎಂದದ್ದು ಅದೇ ಮೊದಲು. ನಮ್ಮ ಓಣಿಗೆ ಬಾವಿ ಆಗುವ ಮುಂಚೆ ನಾವು ಅವರ ಬಾವಿಯ ಕಟ್ಟೆಯ ಕೆಳಗೆ ಹೀಗೇ ಬೊಗಸೆ ಒಡ್ಡಿ ಕುಂತು, ಮೇಲಿನಿಂದ ಯಾರಾದರೂ ಹೊಯ್ಯಲಿ ಎಂದು ಕಾದವರು. ನಾನು ಡಬ್ಬಿ ಎತ್ತಿ, ತೋಳು ಚಾಚಿ, ಎಷ್ಟು ಎತ್ತರದಿಂದ ಆಗುತ್ತದೋ ಅಷ್ಟು ಎತ್ತರದಿಂದ ಹೊಯ್ದೆ. ಜಾತಿಯ ಮಾತಲ್ಲ, ಹುಳದ ಮಾತು. ಅವನು ತಲೆ ಎತ್ತಲಿಲ್ಲ. ನನಗೂ ಅವನ ಮುಖ ನೋಡುವ ಮನಸ್ಸಾಗಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಪಾಳಿ. ಹೆಣ ಎಳೆಯುವುದು ಬೇರೆ, ಬಂಡೆ ತೊಳೆಯುವುದು ಬೇರೆ. ಇದು ನಾವು ಒಪ್ಪಿಕೊಂಡ ಕೆಲಸ. ಒಲೆಯ ಬೂದಿ ಬುಟ್ಟಿಗಟ್ಟಲೆ ತಂದು ಸುರಿದು ಹೀರಿಸಿ ಬಳಿದೆವು. ಸಾಹೇಬರೂ ಮೊಣಕಾಲೂರಿ ತಂತಿ ಬ್ರಷ್ ಹಿಡಿದರು. ಸಂದಿಗಳಲ್ಲಿ ಹೆಪ್ಪುಗಟ್ಟಿದ್ದನ್ನು ಕಡ್ಡಿಯಿಂದ ಕೆದಕಿ ತೆಗೆಯುವಾಗ ನಾನು ಎರಡು ಸಲ ಎದ್ದು ಓಡಿದೆ. ತೊಳೆದಾದ ಮೇಲೆ ಸಾಹೇಬರು ಹೇಳಿದರು, "ಮೇಲಿನದು ನಂಬೋ ಹಾಗಿಲ್ಲ. ರಸ ಬಿರುಕಿನಲ್ಲಿ ಇಳಿದಿರತ್ತೆ. ಒಂದು ಗೇಣು ಒಳಗೆ ಹೋಗಬೇಕು." ನಾನು ಚಾಣ ಹಿಡಿದೆ, ಅತ್ತೆ ಸುತ್ತಿಗೆ ಬೀಸಿದಳು. ಚಾಣ ಎರಡು ಸಲ ಮೊಂಡಾಯಿತು, ಡ್ರೈವರ್ ಕಿತ್ತೂರಿಗೆ ಹೋಗಿ ಕಮ್ಮಾರನಿಂದ ಮೊನೆ ಕಟ್ಟಿಸಿ ತಂದ. ಅವನಿಗೆ ಅಷ್ಟಾದರೂ ನಾಚಿಕೆ ಬಂದಿತ್ತು.

ಕಡೆಗೆ ಕಲ್ಲು ಬಿಟ್ಟಿತು. ಕೆಳಗೆ ಬೂದು ಬಣ್ಣದ ನುಣ್ಣನೆಯ ಪದರು, ಅದೇ ಬೂದಿ ಕಲ್ಲು. ಮೇಲೆ ಹಸಿರು ದಿಂಬು. ದಿಂಬಿನ ಭಾರಕ್ಕೆ ಬೂದಿ ಪದರು ಹಳ್ಳ ಬಿದ್ದು ಬಾಗಿತ್ತು, ಹಸಿ ಗೋಡೆಗೆ ಅಂಗೈ ಒತ್ತಿದ ಹಾಗೆ. ಬೆಂಕಿ ದ್ವೀಪಗಳು ಉಗುಳಿದ ಬೂದಿ ನೀರಿನ ತಳದಲ್ಲಿ ಇನ್ನೂ ಮೆತ್ತಗಿರುವಾಗಲೇ ಮೊದಲ ಲಾವಾ ಅದರ ಮೇಲೆ ಹೊರಳಿ ಬಂದಿತ್ತು. ಸಾಹೇಬರು ಬಗ್ಗಿ ಭೂತಗನ್ನಡಿ ಹಿಡಿದು ಮತ್ತೆ ಮತ್ತೆ ನೋಡಿದರು. ಒಡೆದ ಮುಖದಿಂದ ಸುತ್ತಿಗೆಯ ಕಿಡಿಯ ವಾಸನೆ ಬರುತ್ತಿತ್ತು. ನಾನು ಅದನ್ನು ಮೂಗಿಗೆ ಒತ್ತಿ ಹಿಡಿದು ಎಷ್ಟೋ ಹೊತ್ತು ಉಸಿರೆಳೆದೆ. ಅಷ್ಟು ದಿನಗಳಲ್ಲಿ ಎಮ್ಮೆ ಮು‌ಟ್ಟದಿದ್ದ ಗಾಳಿ ಅದೊಂದೇ.

ಚೀಲಗಳು ಜೀಪು ಏರಿದ ಮೇಲೆ ಮಳೆ ಬಂತು, ಹಳ್ಳ ದಂಡೆ ತುಂಬಿ ಹರಿಯಿತು. ಸಾಹೇಬರು ನಮ್ಮಿಬ್ಬರನ್ನು ಎಂ.ಕೆ. ಹುಬ್ಬಳ್ಳಿಯ ಕಡೆಯ ಕೆಲಸಕ್ಕೂ ಕರೆದುಕೊಂಡು ಹೋದರು. ಮುಂದಿನ ಬೇಸಿಗೆಯಲ್ಲಿ ಗೌಡರ ಎತ್ತು ಸತ್ತಾಗ ನಮ್ಮ ಓಣಿಗೆ ಯಾರೂ ಹೇಳಿ ಕಳಿಸಲಿಲ್ಲ. ಅವರ ಹೊಲದಲ್ಲೇ ಗುಂಡಿ ತೋಡಿದರು, ಅವರ ಆಳುಗಳೇ ಮಣ್ಣು ಎಳೆದರು.

ಆ ಬೇಸಿಗೆಯಲ್ಲೇ ಸಾಹೇಬರು ಮತ್ತೊಮ್ಮೆ ಬಂದರು, ಕಲ್ಲಿನ ಲೆಕ್ಕ ಬಂದಿದೆ ಎಂದು ಹೇಳಲು. ಅದಕ್ಕೆಂದೇ ಅಷ್ಟು ದೂರ ಬಂದಿದ್ದರು. ಹಳ್ಳದ ದಂಡೆಯಲ್ಲಿ ನಿಂತು ಹೇಳಿದರು: "ಪೂರ್ತಿ ಖಾತ್ರಿ ಅನ್ನೋಕಾಗಲ್ಲಮ್ಮ, ಇನ್ನೂ ನಾಲ್ಕಾರು ಕಡೆ ನೋಡಬೇಕು. ಆದರೆ ಕೆಳಗಿನ ಕಲ್ಲಿನಲ್ಲಿ ದ್ವೀಪದ ಗುಣ ಇದೆ, ಮೇಲೆ ಹೋದ ಹಾಗೆ ಹೋಗಿಬಿಟ್ಟಿದೆ. ನಿಮ್ಮತ್ತೆ ಹೇಳಿದ ಸಾರಿನ ಹಾಗೆ. ದ್ವೀಪಗಳ ಬೆನ್ನ ಹಿಂದೆ ಇಲ್ಲೊಂದು ಸಮುದ್ರ ಬಾಯಿ ತೆರೆದಿತ್ತು."

ಜೀಪಿನ ಸದ್ದಿಗೆ ಗೌಡರೂ ಬಂದು ಅಷ್ಟು ದೂರದಲ್ಲಿ ನಿಂತು ಕೇಳುತ್ತಿದ್ದರು. ತಡೆಯಲಾರದೆ ಅತ್ತೆಯನ್ನೇ ಕೇಳಿದರು: "ಏನಬೇ, ಈ ಹಳ್ಳದಾಗ ಖರೇನ ಸಮುದ್ರ ಇತ್ತಂತೇನ?"

"ಇತ್ತಂತರಿ ಗೌಡ್ರ," ಎಂದಳು ಅತ್ತೆ. "ಅಷ್ಟು ದೊಡ್ಡ ಸಮುದ್ರದಾಗ ನೀವು ಎಮ್ಮಿ ಒಗದ್ರಿ."